ತಲೆಯೊಳಗಿನ ಗಡ್ಡೆ ಮತ್ತು ಚಾಕುವಿಲ್ಲದ ಆಪರೇಷನ್

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಫೆಬ್ರವರಿ ತಿಂಗಳಲ್ಲಿ ಒಂದೇ ವಾರದೊಳಗೆ ಎರಡು ದಿನಗಳು ಬರುತ್ತವೆ. 11ನೇ ತಾರೀಖು ಲೂರ್ದು ಮಾತೆಯ ಹಬ್ಬ. ಪೋಪ್ ಎರಡನೇ ಜಾನ್ ಪಾಲರು 1992ರಲ್ಲಿ ಆ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. ಅದಾಗಿ ನಾಲ್ಕು ದಿನಕ್ಕೆ, 15ನೇ ತಾರೀಖು, ಮಕ್ಕಳ ಕ್ಯಾನ್ಸರ್ ದಿನ. ದೊಡ್ಡವರ ಕಾಯಿಲೆ ಬಗ್ಗೆ ನಮ್ಮ ಸಭೆಗಳಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ರಕ್ತಹೀನತೆ, ಸಕ್ಕರೆ ಕಾಯಿಲೆ, ಬಿ.ಪಿ., ಗರ್ಭಕೋಶದ ತೊಂದರೆ, ಎಲ್ಲಾ ಆಗಿದೆ. ಮಕ್ಕಳ ತಲೆಯೊಳಗೆ ಬೆಳೆಯುವ ಗಡ್ಡೆಯ ಬಗ್ಗೆ ಮಾತ್ರ ಯಾರೂ ಮಾತೆತ್ತೋದಿಲ್ಲ. ಎತ್ತಿದರೆ ಎಲ್ಲಿ ನಮ್ಮ ಮನೆಗೇ ಬಂದುಬಿಡುತ್ತೋ ಅನ್ನೋ ಭಯ.

ಆದರೂ ಇವತ್ತು ಈ ವಿಷಯ ತೆಗೆದುಕೊಂಡಿರೋದಕ್ಕೆ ಕಾರಣ ಇದೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್. ಅದರಲ್ಲಿ ಬರುವ ವಿಡಿಯೋ ನೋಡಿ, "ತಲೆ ಕುಯ್ಯದೇನೇ ಗಡ್ಡೆ ತೆಗೀತಾರಂತೆ, ಬೆಳಗ್ಗೆ ಹೋದ್ರೆ ಸಾಯಂಕಾಲಕ್ಕೆ ಮನೆಗೆ ಕಳಿಸ್ತಾರಂತೆ, ನಿಜಾನಾ?" ಅಂತ ಕೇಳುವವರು ಹೆಚ್ಚಾಗಿದ್ದಾರೆ. ನಿಜ. ಅಂಥ ಚಿಕಿತ್ಸೆ ಇದೆ, ನಮ್ಮ ಬೆಂಗಳೂರಿನಲ್ಲೇ ಇದೆ. ಆದರೆ ಅದು ಎಲ್ಲ ಮಕ್ಕಳಿಗೂ ಅಲ್ಲ. ಯಾವ ಮಗುವಿಗೆ ಸರಿ, ಯಾವ ಮಗುವಿಗೆ ಸರಿಯಲ್ಲ ಅನ್ನೋದು ಗೊತ್ತಿಲ್ಲದೆ ಹಸು ಮಾರಿ, ಒಡವೆ ಅಡ ಇಟ್ಟು ಓಡಿದರೆ ದುಡ್ಡೂ ಹೋಗುತ್ತೆ, ಅದಕ್ಕಿಂತ ಹೆಚ್ಚಾಗಿ ದಿನಗಳು ಹೋಗುತ್ತವೆ.

ಮೊದಲು ಗಡ್ಡೆ ಅಂದರೇನು ನೋಡೋಣ. ಮೈಮೇಲೆ ಗಂಟು ಎದ್ದರೆ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ತಲೆಬುರುಡೆಯ ಒಳಗೆ ಎದ್ದರೆ ಕಾಣೋದಿಲ್ಲ. ಬುರುಡೆ ಗಟ್ಟಿ ಮೂಳೆ, ಅದು ಹಿಗ್ಗೋದಿಲ್ಲ. ಒಳಗೆ ಒಂದು ನೆಲಗಡಲೆ ಕಾಯಿಯಷ್ಟು ಬೆಳೆದರೂ ಅಷ್ಟು ಜಾಗವನ್ನು ಮೆದುಳೇ ಬಿಟ್ಟುಕೊಡಬೇಕು. ಮಕ್ಕಳಲ್ಲಿ ಈ ಗಡ್ಡೆಗಳು ಅನೇಕ ಸಲ ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲ್ಗಡೆ ಇರುವ ಕಿರುಮೆದುಳಿನಲ್ಲಿ ಬರುತ್ತವೆ. ನಾವು ಬೀಳದೆ ನಡೆಯೋದು, ಲೋಟ ಎತ್ತಿ ಸರಿಯಾಗಿ ಬಾಯಿಗೆ ಇಟ್ಟುಕೊಳ್ಳೋದು ಎಲ್ಲಾ ಅದರ ಕೆಲಸ. ಅದರ ಪಕ್ಕದಲ್ಲೇ ಮೆದುಳಿನ ನೀರು ಹರಿಯುವ ಸಣ್ಣ ಕಾಲುವೆ ಇದೆ. ಗಡ್ಡೆ ಆ ಕಾಲುವೆಯನ್ನು ಒತ್ತಿದರೆ ನೀರು ಮೇಲೆ ನಿಲ್ಲುತ್ತೆ, ಒತ್ತಡ ಏರುತ್ತೆ. ರಾತ್ರಿಯೆಲ್ಲ ಮಲಗಿದ್ದಾಗ ಒತ್ತಡ ಇನ್ನೂ ಹೆಚ್ಚು. ಆದ್ದರಿಂದಲೇ ಬೆಳಗ್ಗೆ ಎದ್ದ ಕೂಡಲೆ ತಲೆನೋವು, ಹಿಂದೆಯೇ ವಾಂತಿ. ವಾಂತಿ ಆದಮೇಲೆ ಸ್ವಲ್ಪ ಆರಾಮ ಅನ್ನಿಸಿ ಮಗು ಆಟಕ್ಕೆ ಹೋಗುತ್ತೆ. ಮನೆಯವರು "ಪಿತ್ತ ಕಣ್ರೀ, ಬಂದು ಹೋಯ್ತು" ಅಂತ ಸುಮ್ಮನಾಗ್ತಾರೆ.

ಈ "ಪಿತ್ತ" ಅನ್ನೋ ಒಂದು ಮಾತಿನಲ್ಲಿ ಎಷ್ಟು ವಾರಗಳು ಕಳೆದುಹೋಗುತ್ತವೆ ಅಂದರೆ, ನಮಗೆ ಹೇಳೋದಕ್ಕೇ ಸಂಕಟವಾಗುತ್ತೆ. ಪಿತ್ತಕ್ಕೆ ಕಷಾಯ, ಆಮೇಲೆ ಗ್ಯಾಸ್ ಮಾತ್ರೆ, ಆಮೇಲೆ ಜಂತುಹುಳದ ಮಾತ್ರೆ, ಆಮೇಲೆ ಕನ್ನಡಕ, ಅದೂ ಆದಮೇಲೆ ದೃಷ್ಟಿ ತೆಗೆಸೋದು, ತಾಯತ ಕಟ್ಟಿಸೋದು. ದೃಷ್ಟಿ ತೆಗೆಸಬೇಡಿ ಅಂತ ನಾವು ಜಗಳಕ್ಕೆ ಬರೋದಿಲ್ಲ. ಮನಸ್ಸಿನ ಸಮಾಧಾನಕ್ಕೆ ತೆಗೆಸಿ, ಪ್ರಾರ್ಥನೆ ಮಾಡಿಸಿ. ಆದರೆ ಅದೇ ದಿನ ಆಸ್ಪತ್ರೆಗೂ ಹೋಗಿ. ತಲೆನೋವು ಅಂತ ಹೇಳುವ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಗಡ್ಡೆ ಇರೋದಿಲ್ಲ, ಅದು ನಿಜ. ಶೀತ, ಜ್ವರ, ಹಸಿವು, ಬಿಸಿಲು, ಪರೀಕ್ಷೆಯ ಭಯ, ಏನೇನೋ ಕಾರಣ. ನೋಡಬೇಕಾದ್ದು ಏನೆಂದರೆ, ಅದು ಎಷ್ಟು ದಿನದಿಂದ ಇದೆ, ಯಾವ ಹೊತ್ತಿನಲ್ಲಿ ಬರುತ್ತೆ, ಜೊತೆಗೆ ಇನ್ನೇನು ಬಂದಿದೆ. ಎರಡು ವಾರ ದಾಟಿದ ಬೆಳಗಿನ ತಲೆನೋವು ಅಥವಾ ವಾಂತಿಗೆ ಡಾಕ್ಟರ ಹತ್ತಿರ ಹೋಗಲೇಬೇಕು. ಚೆನ್ನಾಗಿ ನಡೆಯುತ್ತಿದ್ದ ಮಗು ಈಗ ಕುಡಿದವರ ಹಾಗೆ ತೂರಾಡುತ್ತಾ ನಡೆದರೆ, ಇದ್ದಕ್ಕಿದ್ದ ಹಾಗೆ ಮೆಳ್ಳೆಗಣ್ಣು ಬಂದರೆ, ಒಂದು ವಸ್ತು ಎರಡಾಗಿ ಕಾಣುತ್ತೆ ಅಂದರೆ, ಯಾವಾಗಲೂ ಕತ್ತು ಒಂದು ಕಡೆ ವಾಲಿಸಿಕೊಂಡೇ ಇದ್ದರೆ ಎರಡು ವಾರವೂ ಕಾಯಬೇಡಿ. ಫಿಟ್ಸ್ ಬಂದರೆ, ಅಥವಾ ವಾಂತಿಯ ಜೊತೆ ಮಗು ಮಂಕಾಗಿ ಎಚ್ಚರವೇ ಸರಿಯಾಗಿ ಇಲ್ಲದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಶಾಲೆಯ ಅಕ್ಷರವನ್ನೂ ಗಮನಿಸಿ. ದುಂಡಗೆ ಬರೆಯುತ್ತಿದ್ದ ಹುಡುಗನ ಅಕ್ಷರ ಕೆಲವೇ ತಿಂಗಳಲ್ಲಿ ಕೋಳಿ ಕೆದರಿದ ಹಾಗಾದರೆ ಅವನನ್ನು ಹೊಡೆಯುವ ಮುಂಚೆ ಒಂದು ಸಲ ಯೋಚಿಸಿ. ಇಂಥ ಮಕ್ಕಳಿಗೆ ಮೊದಲು ಸಿಗೋದು ಔಷಧಿಯಲ್ಲ, ಸೋಮಾರಿ ಅನ್ನೋ ಹೆಸರು.

ಬೆಳೆಯುವ ಹುಡುಗಿಯರ ವಿಷಯ ಒಂದು ಇದೆ. ಗಂಡಸರ ಮುಂದೆ ಹೇಳೋದು ಕಷ್ಟ, ಇಲ್ಲಿ ನಾವು ನಾವೇ ಇರೋದರಿಂದ ಬಿಚ್ಚಿ ಹೇಳುತ್ತೇವೆ. ಮೆದುಳಿನ ಬುಡದಲ್ಲಿ ಅವರೆಕಾಳಿನಷ್ಟು ಗಾತ್ರದ ಒಂದು ಗ್ರಂಥಿ ಇದೆ, ಪಿಟ್ಯೂಟರಿ ಅಂತ ಹೆಸರು. ಎತ್ತರ ಬೆಳೆಯೋದು, ಮೈನೆರೆಯೋದು, ಮುಟ್ಟು, ಎದೆಹಾಲು ಇವೆಲ್ಲ ಅದರ ಅಪ್ಪಣೆಯಂತೆ ನಡೆಯುತ್ತವೆ. ಅದರ ಹತ್ತಿರ ಗಡ್ಡೆಯಾದರೆ ಮಗು ವಾರಿಗೆಯವರಂತೆ ಎತ್ತರ ಆಗೋದಿಲ್ಲ, ಹುಡುಗಿ ದೊಡ್ಡವಳಾಗೋದಿಲ್ಲ, ಕೊಡಗಟ್ಟಲೆ ನೀರು ಕುಡಿದು ಪದೇಪದೇ ಮೂತ್ರಕ್ಕೆ ಹೋಗಬಹುದು, ಪಕ್ಕದ ನೋಟ ಮಸುಕಾಗಬಹುದು. ಇನ್ನೊಂದು ಬಗೆಯ ಗಡ್ಡೆಯಲ್ಲಿ ಮದುವೆಯಾಗದ ಹುಡುಗಿಗೆ ಮುಟ್ಟು ನಿಂತು, ಎದೆಯಲ್ಲಿ ಹಾಲು ಒಸರುತ್ತೆ. ಆಮೇಲೆ ಊರಿನವರ ಬಾಯಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆ ಹುಡುಗಿ ಏನೂ ತಪ್ಪು ಮಾಡಿರೋದಿಲ್ಲ. ಒಂದು ರಕ್ತ ಪರೀಕ್ಷೆ, ಒಂದು ಸ್ಕ್ಯಾನ್ ಮಾಡಿಸಿದರೆ ಕಾರಣ ಗೊತ್ತಾಗುತ್ತೆ. ಹೆಚ್ಚಿನವರಿಗೆ ಆ ಗಡ್ಡೆ ಬರೀ ಮಾತ್ರೆಯಲ್ಲೇ ಕುಗ್ಗುತ್ತೆ. ನಿಮ್ಮ ಬೀದಿಯಲ್ಲಿ ಯಾವಳಾದರೂ ಹುಡುಗಿಯ ಬಗ್ಗೆ ಇಂಥ ಗುಸುಗುಸು ಎದ್ದರೆ, ಅವಳ ತಾಯಿಯ ಹತ್ತಿರ ಹೋಗಿ ಈ ಮಾತು ಹೇಳಿ.

ಇನ್ನು ಸ್ಕ್ಯಾನ್. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿ ಸ್ಕ್ಯಾನ್ ಆಯಿತು, "ತಲೆಯಲ್ಲಿ ಒಂದು ಚುಕ್ಕೆ ಇದೆ" ಅಂದರು ಅಂತ ಇಟ್ಟುಕೊಳ್ಳಿ. ಅಲ್ಲಿಗೇ ಎದೆ ಒಡೆದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಫಿಟ್ಸ್ ಬಂದ ಮಕ್ಕಳ ತಲೆಯಲ್ಲಿ ಕಾಣುವ ಚುಕ್ಕೆ ಎಷ್ಟೋ ಸಲ ಗಡ್ಡೆಯೇ ಅಲ್ಲ. ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋಗಿ, ಅದರ ಮರಿ ರಕ್ತದಲ್ಲಿ ಸಾಗಿ ಮೆದುಳಿನಲ್ಲಿ ಕೂತಿರಬಹುದು. ಈ ಹುಳ ಹಂದಿಯಿಂದ ಬರೋದು. ಆದರೆ ಮಾಂಸ ಮುಟ್ಟದವರಿಗೂ ಬರುತ್ತೆ, ಯಾಕಂದ್ರೆ ಬಯಲು ಕಕ್ಕಸಿನ ಮಣ್ಣು, ಕೊಳಚೆ ನೀರು ತಾಗಿದ ಸೊಪ್ಪು ಮೂಲಂಗಿಯ ಮೂಲಕ ಆ ಮೊಟ್ಟೆ ಬಾಯಿಗೆ ಬರುತ್ತೆ. ಕ್ಷಯ ರೋಗದ ಗಂಟು ಕೂಡ ಹೀಗೇ ಕಾಣಬಹುದು. ಎರಡಕ್ಕೂ ಔಷಧಿ ಇದೆ. ಆಪರೇಷನ್ ಬೇಕಾಗೋದು ಅಪರೂಪ, ಯಂತ್ರದ ಚಿಕಿತ್ಸೆಯಂತೂ ಬೇಕಾಗೋದೇ ಇಲ್ಲ. ಆದ್ದರಿಂದ ಚುಕ್ಕೆ ಕಂಡ ದಿನವೇ "ಯಾವ ಮೆಷಿನ್" ಅಂತ ಕೇಳಬೇಡಿ. "ಇದು ಏನು ಅಂತ ಖಾತ್ರಿ ಆಗಿದೆಯಾ?" ಅಂತ ಕೇಳಿ.

ಈಗ ಆ ಚಾಕುವಿಲ್ಲದ ಆಪರೇಷನ್‌ಗೆ ಬರೋಣ. ಇದಕ್ಕೆ ರೇಡಿಯೋ ಸರ್ಜರಿ ಅಂತಾರೆ. ಸ್ವೀಡನ್ ದೇಶದಲ್ಲಿ ಲಾರ್ಸ್ ಲೆಕ್ಸೆಲ್ ಅನ್ನೋ ಮೆದುಳಿನ ಸರ್ಜನ್ ಒಬ್ಬರಿದ್ದರು. ಆ ಕಾಲದಲ್ಲಿ ತಲೆ ತೆರೆದು ಮಾಡುವ ಆಪರೇಷನ್ ತುಂಬಾ ಅಪಾಯದ್ದು. ತಲೆ ತೆರೆಯದೆಯೇ, ಹೊರಗಿನಿಂದ ಕಿರಣಗಳನ್ನು ಬಿಟ್ಟು ಒಳಗಿನ ಒಂದೇ ಒಂದು ಜಾಗವನ್ನು ಸುಡಲು ಆಗುತ್ತಾ ಅಂತ ಅವರು ಯೋಚಿಸಿ, 1951ರಲ್ಲಿ ಈ ಹೆಸರು ಕೊಟ್ಟರು. 1960ರ ದಶಕದ ಕೊನೆಗೆ ಅದಕ್ಕಾಗಿ ಒಂದು ಯಂತ್ರವನ್ನೇ ಮಾಡಿಸಿದರು. ಅದೇ ಗಾಮಾ ನೈಫ್. ನೈಫ್ ಅಂದರೆ ಚಾಕು. ಚಾಕುವೇ ಇಲ್ಲದ ಯಂತ್ರಕ್ಕೆ ಚಾಕು ಅಂತ ಹೆಸರು! ನಮ್ಮ ದೇಶಕ್ಕೆ ಈ ಯಂತ್ರ ಬಂದದ್ದು 1997ರ ಹೊತ್ತಿಗೆ, ಮುಂಬಯಿ ಮತ್ತು ದೆಹಲಿಗೆ. ನಮಗೆ ಹತ್ತಿರದ್ದು ಬೆಂಗಳೂರಿನ ನಿಮ್ಹಾನ್ಸ್. ಅದು ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಗಾಮಾ ನೈಫ್ ಇದೆ. ಸೈಬರ್ ನೈಫ್ ಅನ್ನೋದು ಇದೇ ಕೆಲಸಕ್ಕೆ ಇರುವ ಇನ್ನೊಂದು ಯಂತ್ರ, ಅದು ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿದೆ. ಮಾಮೂಲಿ ರೇಡಿಯೇಶನ್ ಕೊಡುವ ಲಿನ್ಯಾಕ್ ಯಂತ್ರದಲ್ಲೂ, ಸರಿಯಾದ ಸಲಕರಣೆ ಮತ್ತು ಕಲಿತ ಕೈ ಇದ್ದರೆ, ಈ ಚಿಕಿತ್ಸೆ ಮಾಡುತ್ತಾರೆ. ಯಂತ್ರದ ಹೆಸರಿಗಿಂತ ಅದನ್ನು ನಡೆಸುವವರ ಅನುಭವ, ಮುಖ್ಯವಾಗಿ ಮಕ್ಕಳಿಗೆ ಮಾಡಿದ ಅನುಭವ ದೊಡ್ಡದು ಅನ್ನೋದು ನಮ್ಮ ಅಭಿಪ್ರಾಯ.

ಅದು ಹೇಗೆ ಕೆಲಸ ಮಾಡುತ್ತೆ? ಶಿಡ್ಲಘಟ್ಟದ ಅಕ್ಕಂದಿರಿಗೆ ಇದನ್ನು ವಿವರಿಸೋದು ಸುಲಭ. ನೀವು ಗೂಡು ಬೇಯಿಸಿ ನೂಲು ತೆಗೀತೀರಿ. ಒಂದು ಗೂಡಿನ ಎಳೆ ಕಣ್ಣಿಗೂ ಸರಿಯಾಗಿ ಕಾಣದು, ಬೆರಳು ತಾಗಿದರೆ ಕಿತ್ತುಹೋಗುತ್ತೆ. ಎಂಟು ಹತ್ತು ಗೂಡಿನ ಎಳೆಗಳು ಒಂದು ತೂತಿನಲ್ಲಿ ಕೂಡಿದಾಗ ಗಟ್ಟಿ ನೂಲಾಗುತ್ತೆ. ಗಾಮಾ ನೈಫ್ ಒಳಗೆ ಕೋಬಾಲ್ಟ್ ಅನ್ನೋ ವಸ್ತುವಿನಿಂದ ಹೊರಡುವ ಸಣ್ಣ ಸಣ್ಣ ಕಿರಣಗಳು ಇರುತ್ತವೆ. ಹಳೇ ಮಾದರಿಯಲ್ಲಿ 201, ಈಗಿನದರಲ್ಲಿ 192. ಒಂದೊಂದು ಕಿರಣವೂ ಬೇರೆ ಬೇರೆ ದಿಕ್ಕಿನಿಂದ ತಲೆಯನ್ನು ಹೊಗುತ್ತೆ. ಒಂದೇ ಕಿರಣಕ್ಕೆ ಬಲ ಕಡಿಮೆ, ದಾರಿಯಲ್ಲಿ ಸಿಗುವ ಒಳ್ಳೆಯ ಮೆದುಳಿಗೆ ಹೆಚ್ಚು ಏನೂ ಮಾಡೋದಿಲ್ಲ. ಎಲ್ಲವೂ ಬಂದು ಕೂಡುವ ಜಾಗದಲ್ಲಿ ಮಾತ್ರ ಬಲ ನೂರಾರು ಪಟ್ಟು ಹೆಚ್ಚು. ಆ ಜಾಗದಲ್ಲಿ ಗಡ್ಡೆ ಇರುವಂತೆ ಕೂರಿಸಬೇಕು. ಒಂದು ಮಿಲಿಮೀಟರ್ ಆಚೀಚೆ ಆಗಬಾರದು.

ಅಷ್ಟು ಕರಾರುವಾಕ್ಕಾಗಿ ಕೂರಿಸಬೇಕಾದರೆ ತಲೆ ಅಲ್ಲಾಡಬಾರದು. ಅದಕ್ಕಾಗಿ ತಲೆಗೆ ಒಂದು ಲೋಹದ ಚೌಕಟ್ಟು ಹಾಕುತ್ತಾರೆ. ನಾಲ್ಕು ಕಡೆ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನಾಲ್ಕು ಸ್ಕ್ರೂಗಳಿಂದ ಬಿಗಿ ಮಾಡುತ್ತಾರೆ. ನೋಡಿದ ತಾಯಿಗೆ ಜೀವ ಹೋದಂತಾಗುತ್ತೆ, ಆದ್ದರಿಂದ ಮೊದಲೇ ಹೇಳುತ್ತಿದ್ದೇವೆ. ಆಮೇಲೆ ಎಂ.ಆರ್.ಐ. ಮಾಡಿ, ಡಾಕ್ಟರು ಮತ್ತು ಭೌತವಿಜ್ಞಾನ ಓದಿದವರು ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ಹಾಕುತ್ತಾರೆ. ನಮ್ಮ ಲೆಕ್ಕದ ಪುಸ್ತಕಕ್ಕಿಂತ ಕಷ್ಟದ ಲೆಕ್ಕ ಅದು, ಗಂಟೆಗಟ್ಟಲೆ ಹಿಡಿಯಬಹುದು. ಯಂತ್ರದೊಳಗೆ ಮಲಗಿದಾಗ ನೋವಿಲ್ಲ, ರಕ್ತವಿಲ್ಲ, ತಲೆ ಬೋಳಿಸೋದಿಲ್ಲ. ದೊಡ್ಡ ಮಕ್ಕಳು ಎಚ್ಚರವಾಗಿಯೇ ಮಲಗಿರುತ್ತಾರೆ. ಚಿಕ್ಕ ಮಕ್ಕಳು ಅಲ್ಲಾಡದೆ ಇರೋದಿಲ್ಲ, ಅವರಿಗೆ ಪೂರ್ತಿ ಅರಿವಳಿಕೆ ಬೇಕಾಗುತ್ತೆ. ಅವತ್ತೇ ಅಥವಾ ಮಾರನೇ ದಿನ ಮನೆಗೆ ಕಳಿಸುತ್ತಾರೆ. ವಿಡಿಯೋದಲ್ಲಿ ಹೇಳೋದು ಇಷ್ಟು ಮಾತ್ರ, ಇಷ್ಟು ನಿಜ.

ವಿಡಿಯೋದಲ್ಲಿ ಹೇಳದೇ ಇರೋದು ಬಹಳ ಇದೆ.

ಮೊದಲನೆಯದು, ಗಡ್ಡೆ ಸಣ್ಣದಿರಬೇಕು. ಸುಮಾರು 3 ಸೆಂಟಿಮೀಟರ್ ಒಳಗೆ, ಅಂದರೆ ಒಂದು ದೊಡ್ಡ ನಿಂಬೆಹಣ್ಣಿಗಿಂತ ಚಿಕ್ಕದು. ಅದಕ್ಕಿಂತ ದೊಡ್ಡದಾದರೆ ಒಂದೇ ಸಲಕ್ಕೆ ಅಷ್ಟು ಕಿರಣ ಕೊಡೋದು ಸುತ್ತಲಿನ ಮೆದುಳಿಗೆ ಅಪಾಯ. ಕಣ್ಣಿನ ನರಕ್ಕೆ ಅಂಟಿಕೊಂಡಿದ್ದರೂ ಅಪಾಯ, ಗಡ್ಡೆ ನಿಂತರೂ ಕಣ್ಣು ಹೋಗಬಹುದು. ಎರಡನೆಯದು, ಗಡ್ಡೆ ಅವತ್ತೇ ಮಾಯವಾಗೋದಿಲ್ಲ. ಕಿರಣ ಬಿದ್ದ ಗಡ್ಡೆ ನಿಧಾನವಾಗಿ, ತಿಂಗಳುಗಳಲ್ಲಿ, ವರ್ಷಗಳಲ್ಲಿ ಒಣಗುತ್ತೆ. ಎಷ್ಟೋ ಸಲ ಕುಗ್ಗೋದೂ ಇಲ್ಲ, ಬೆಳೆಯೋದು ನಿಲ್ಲುತ್ತೆ ಅಷ್ಟೇ. ಅದೂ ಗೆಲುವೇ. ಆದರೆ ಮಗುವಿಗೆ ಈಗಾಗಲೇ ತಲೆಯಲ್ಲಿ ನೀರು ತುಂಬಿ, ವಾಂತಿ ಆಗಿ, ದೃಷ್ಟಿ ಮಂಕಾಗುತ್ತಿದ್ದರೆ ವರ್ಷಗಟ್ಟಲೆ ಕಾಯುವ ಪುರುಸೊತ್ತು ಎಲ್ಲಿದೆ? ಅಂಥ ಮಗುವಿಗೆ ಮೊದಲು ಬೇಕಾದ್ದು ಒತ್ತಡ ಇಳಿಸೋದು. ನೀರು ಹೊಟ್ಟೆಗೆ ಇಳಿಯುವಂತೆ ಸಣ್ಣ ನಳಿಕೆ ಇಡುತ್ತಾರೆ, ಶಂಟ್ ಅಂತಾರೆ. ಅಥವಾ ನೇರವಾಗಿ ತಲೆ ತೆರೆದು ಗಡ್ಡೆ ತೆಗೆಯುತ್ತಾರೆ. ಗಡ್ಡೆಯ ತುಣುಕು ಸಿಕ್ಕಿದರೇನೇ ಅದು ಯಾವ ಜಾತಿಯದು ಅಂತ ಪರೀಕ್ಷೆ ಮಾಡಿ ಹೇಳಲು ಆಗೋದು. ಯಂತ್ರದ ಚಿಕಿತ್ಸೆಯಲ್ಲಿ ತುಣುಕೇ ಸಿಗೋದಿಲ್ಲ ನೋಡಿ.

ಮೂರನೆಯದನ್ನು ದಯವಿಟ್ಟು ಮರೆಯಬೇಡಿ. ಮಕ್ಕಳಲ್ಲಿ ಬರುವ ಮೆದುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣೋದು ಮೆಡುಲ್ಲೋಬ್ಲಾಸ್ಟೋಮಾ. ಹೆಸರು ಬಾಯಿಗೆ ಬರದಿದ್ದರೂ ಪರವಾಗಿಲ್ಲ. ಅದರ ಗುಣ ಏನಂದರೆ, ಮೆದುಳಿನ ನೀರಿನ ಜೊತೆ ಬೆನ್ನುಹುರಿಯವರೆಗೂ ಬೀಜ ಚೆಲ್ಲುತ್ತೆ. ಹೊಲದ ಒಂದು ಮೂಲೆಯಲ್ಲಿ ಪಾರ್ಥೇನಿಯಂ ಗಿಡ ಕಿತ್ತು, ಉಳಿದ ಹೊಲದಲ್ಲಿ ಬಿದ್ದ ಬೀಜ ಬಿಟ್ಟರೆ ಏನಾಗುತ್ತೆ? ಆದ್ದರಿಂದ ಅದಕ್ಕೆ ಆಪರೇಷನ್, ಆಮೇಲೆ ತಲೆಯಿಂದ ಬೆನ್ನಿನ ತುದಿವರೆಗೆ ದಿನಾ ಸ್ವಲ್ಪ ಸ್ವಲ್ಪವಾಗಿ ಐದಾರು ವಾರ ರೇಡಿಯೇಶನ್, ಜೊತೆಗೆ ಕೀಮೋ ಔಷಧಿ, ಮೂರೂ ಬೇಕು. ತೀರಾ ಚಿಕ್ಕ ಮಕ್ಕಳಲ್ಲಿ, ಮೂರು ವರ್ಷದೊಳಗಿನವರಲ್ಲಿ, ರೇಡಿಯೇಶನ್ ಆದಷ್ಟು ಮುಂದೂಡಿ ಕೀಮೋ ಮೇಲೆ ನಡೆಸುತ್ತಾರೆ. ಇದು ಉದ್ದದ, ಕಷ್ಟದ ಚಿಕಿತ್ಸೆ. ಆದರೆ ಪೂರ್ತಿ ಮಾಡಿಸಿದ ಎಷ್ಟೋ ಮಕ್ಕಳು ಬದುಕುತ್ತಾರೆ, ಶಾಲೆಗೆ ಹೋಗುತ್ತಾರೆ. "ತಲೆ ಕುಯ್ಯಿಸಬೇಡಿ, ಒಂದೇ ದಿನದ ಚಿಕಿತ್ಸೆ ಇದೆ" ಅನ್ನುವ ಯಾರದೋ ಮಾತು ಕೇಳಿ ಇಂಥ ಮಗುವನ್ನು ಆಪರೇಷನ್ ಪಟ್ಟಿಯಿಂದ ಬಿಡಿಸಿಕೊಂಡು ಬಂದರೆ, ಅದು ಆ ಮಗುವಿಗೆ ಮಾಡುವ ದೊಡ್ಡ ಅನ್ಯಾಯ.

ಹಾಗಾದರೆ ರೇಡಿಯೋ ಸರ್ಜರಿ ಯಾವ ಮಕ್ಕಳಿಗೆ? ಆಪರೇಷನ್ ಆಗಿ, ಕೈ ಹಾಕಲಾಗದ ಆಳದಲ್ಲಿ ಸ್ವಲ್ಪ ಗಡ್ಡೆ ಉಳಿದವರಿಗೆ. ಒಂದು ಸಲ ವಾಸಿಯಾಗಿ ಸಣ್ಣದಾಗಿ ಮತ್ತೆ ಕಾಣಿಸಿಕೊಂಡವರಲ್ಲಿ ಕೆಲವರಿಗೆ. ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಕೆಲವು ಸಣ್ಣ ಗಡ್ಡೆಗಳಿಗೆ. ಕಿವಿಯ ನರದ ಗಡ್ಡೆ, ಪಿಟ್ಯೂಟರಿ ಪಕ್ಕದಲ್ಲಿ ಉಳಿದ ತುಣುಕು, ಇಂಥವು. ಹದಿಹರೆಯದವರಲ್ಲಿ ಇದರ ಉಪಯೋಗ ಚಿಕ್ಕ ಮಕ್ಕಳಿಗಿಂತ ಹೆಚ್ಚು. ಗಡ್ಡೆಯಲ್ಲದ ಇನ್ನೊಂದು ತೊಂದರೆಗೂ ಇದು ಒಳ್ಳೆಯ ಆಯುಧ: ಮೆದುಳಿನಲ್ಲಿ ರಕ್ತನಾಳಗಳು ಹುಟ್ಟಿನಿಂದಲೇ ಗೋಜಲಾಗಿ ಸಿಕ್ಕುಹಾಕಿಕೊಂಡಿರೋದು. ಅದು ಒಡೆದರೆ ಓಡಾಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಬೀಳುತ್ತಾನೆ. ಗೋಜಲು ಸಣ್ಣದಾಗಿ ಆಳದಲ್ಲಿದ್ದರೆ ಗಾಮಾ ನೈಫ್‌ನಿಂದ ಎರಡು ಮೂರು ವರ್ಷದಲ್ಲಿ ಮುಚ್ಚಿಹೋಗುವಂತೆ ಮಾಡಬಹುದು. ಆ ಎರಡು ಮೂರು ವರ್ಷ ಮಾತ್ರ ಒಡೆಯುವ ಅಪಾಯ ಇದ್ದೇ ಇರುತ್ತೆ, ಅದನ್ನೂ ಡಾಕ್ಟರು ಹೇಳುತ್ತಾರೆ.

ಕಿರಣದ ಭಯದ ಬಗ್ಗೆ ಒಂದು ಮಾತು. ನಮ್ಮ ಕಡೆ ರೇಡಿಯೇಶನ್‌ಗೆ "ಕರೆಂಟ್ ಕೊಡೋದು" ಅಂತಾರೆ. ಮನಸ್ಸಿನ ಕಾಯಿಲೆಗೆ ಕೊಡುವ ಚಿಕಿತ್ಸೆಗೂ ಅದೇ ಮಾತು. ನಿಮ್ಹಾನ್ಸ್ ಅಂದರಂತೂ ಹುಚ್ಚರ ಆಸ್ಪತ್ರೆ ಅಂತ ಈಗಲೂ ಹೇಳುವವರಿದ್ದಾರೆ. ಹಾಗಾಗಿ "ನಮ್ಮ ಮಗೂಗೆ ಕರೆಂಟ್ ಬೇಡ" ಅಂತ ಅಜ್ಜಿ ಹಟ ಹಿಡಿಯುತ್ತಾರೆ. ಇದು ವಿದ್ಯುತ್ ಅಲ್ಲ, ಶಾಕ್ ಅಲ್ಲ. ನಿಮ್ಹಾನ್ಸ್‌ನಲ್ಲಿ ಮೆದುಳು ಮತ್ತು ನರದ ಆಪರೇಷನ್ ವಿಭಾಗ ಬೇರೆಯಾಗಿಯೇ ಇದೆ, ಇಪ್ಪತ್ನಾಲ್ಕು ಗಂಟೆಯ ತುರ್ತು ವಿಭಾಗವೂ ಇದೆ. ಯಂತ್ರದಿಂದ ಹೊರಗೆ ಬಂದ ಮಗುವಿನ ಮೈಯಲ್ಲಿ ಯಾವ ಕಿರಣವೂ ಉಳಿದಿರೋದಿಲ್ಲ. ಎತ್ತಿಕೊಳ್ಳಿ, ಮುದ್ದಿಸಿ, ತಮ್ಮ ತಂಗಿಯರ ಪಕ್ಕದಲ್ಲಿ ಮಲಗಿಸಿ. ಒಂದೇ ತಟ್ಟೆಯಲ್ಲಿ ಉಣ್ಣಿಸಿದರೂ ಯಾರಿಗೂ ಏನೂ ಅಂಟೋದಿಲ್ಲ. ಹಾಗಂತ ಕಿರಣದಿಂದ ತೊಂದರೆಯೇ ಇಲ್ಲ ಅಂತಲ್ಲ. ಸ್ಕ್ರೂ ಹಾಕಿದ ಜಾಗ ಕೆಲವು ದಿನ ಊದುತ್ತೆ, ತಲೆನೋವು ಇರುತ್ತೆ. ಕೆಲವರಿಗೆ ತಿಂಗಳುಗಳ ನಂತರ ಗಡ್ಡೆಯ ಸುತ್ತ ಬಾವು ಬಂದು ಫಿಟ್ಸ್ ಅಥವಾ ಕೈಕಾಲು ಬಲಹೀನತೆ ಬರಬಹುದು, ಆಗ ಮಾತ್ರೆ ಕೊಡುತ್ತಾರೆ. ಬೆಳೆಯುವ ಮೆದುಳಿಗೆ ಕಿರಣ ಯಾವಾಗಲೂ ಸಾಲ ಇದ್ದಂತೆ, ಬಡ್ಡಿ ನಂತರ ಕೇಳಬಹುದು. ಬೆಳವಣಿಗೆ ಕುಂಠಿತವಾಗೋದು, ಥೈರಾಯ್ಡ್ ಕಡಿಮೆಯಾಗೋದು, ಓದಿನಲ್ಲಿ ನಿಧಾನ ಆಗೋದು, ಬಹಳ ಅಪರೂಪವಾಗಿ ವರ್ಷಗಳ ಮೇಲೆ ಬೇರೆ ಗಡ್ಡೆ ಬರೋದು. ಇಡೀ ತಲೆಗೆ ಕೊಟ್ಟಾಗ ಇದು ಹೆಚ್ಚು, ಒಂದೇ ಜಾಗಕ್ಕೆ ಗುರಿಯಿಟ್ಟು ಕೊಟ್ಟಾಗ ಕಡಿಮೆ. ರೇಡಿಯೋ ಸರ್ಜರಿಯ ನಿಜವಾದ ಲಾಭ ಇರೋದು ಇಲ್ಲಿ. ಬೇಗ ಮನೆಗೆ ಬರೋದು ದೊಡ್ಡ ಲಾಭವಲ್ಲ.

ಅದಕ್ಕೇ ಚಿಕಿತ್ಸೆ ಆದಮೇಲೂ ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ ಎಂ.ಆರ್.ಐ. ಮಾಡಿಸುತ್ತಲೇ ಇರಬೇಕು, ಎಷ್ಟೋ ವರ್ಷ. ಇಲ್ಲಿ ಹೆಣ್ಣುಮಕ್ಕಳಿಗೆ ಮೋಸ ಆಗುತ್ತೆ. ಗಂಡು ಹುಡುಗನಾದರೆ ಸಾಲ ಮಾಡಿಯಾದರೂ ಕರೆದುಕೊಂಡು ಹೋಗುತ್ತಾರೆ. ಹುಡುಗಿಯಾದರೆ, "ತಲೆಗೆ ಚಿಕಿತ್ಸೆ ಆಗಿದೆ ಅಂತ ಗೊತ್ತಾದ್ರೆ ಯಾರು ಮದುವೆ ಆಗ್ತಾರೆ" ಅಂತ ಫೈಲನ್ನೇ ಬಚ್ಚಿಡುತ್ತಾರೆ. ಮುಚ್ಚಿಟ್ಟು ಮದುವೆ ಮಾಡಿಕೊಟ್ಟರೆ, ಗಂಡನ ಮನೆಯಲ್ಲಿ ಅವಳು ಸ್ಕ್ಯಾನ್ ಹೆಸರು ಎತ್ತುವಂತಿಲ್ಲ, ಮಾತ್ರೆ ನುಂಗುವಂತಿಲ್ಲ. ನಿಂತಿದ್ದ ಗಡ್ಡೆ ಮತ್ತೆ ಬೆಳೆದರೆ ಯಾರಿಗೂ ಗೊತ್ತಾಗೋದಿಲ್ಲ. ತಾಯಂದಿರೇ, ಹೇಳಿಯೇ ಕೊಡಿ. ಒಪ್ಪುವವರು ಸಿಗುವವರೆಗೆ ಹುಡುಗಿ ಓದಲಿ, ಕೆಲಸಕ್ಕೆ ಹೋಗಲಿ.

ಇನ್ನು ದುಡ್ಡಿನ ಮಾತು. ಸಾಲಕ್ಕೆ ಕೈ ಹಾಕುವ ಮೊದಲು ಕಾರ್ಡು ತೆಗೆಯಿರಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್. ಕುಟುಂಬಕ್ಕೆ ವೆಚ್ಚದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ನೇರವಾಗಿ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾಗಿ, ಆಮೇಲೆ ಕಾರ್ಡ್ ತೋರಿಸಿದರೆ ಕಷ್ಟ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. "ಡಾಕ್ಟರು ಬರೆದಿರುವ ಈ ಚಿಕಿತ್ಸೆ ನಮ್ಮ ಕಾರ್ಡಿನಲ್ಲಿ ಬರುತ್ತಾ, ಬಂದರೆ ಎಷ್ಟು, ಹೊರಗೆ ನಾವು ಕಟ್ಟಬೇಕಾದ್ದು ಏನು" ಅಂತ ಅವರನ್ನು ಬಿಡಿಸಿ ಕೇಳಿ. ಹಾಲಿನ ಡೇರಿಯಲ್ಲೋ ಸಹಕಾರ ಸಂಘದಲ್ಲೋ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡ್ ಬಗ್ಗೆ ಕಾರ್ಯದರ್ಶಿಯನ್ನು ವಿಚಾರಿಸಿ. 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತಿದ್ದ ಆ ಯೋಜನೆಯನ್ನು ಸರ್ಕಾರ 2022ರಲ್ಲಿ ಮತ್ತೆ ಶುರು ಮಾಡಿತು. ಹೆಸರು ನೋಂದಾಯಿಸಲು ವರ್ಷದಲ್ಲಿ ಇಂತಿಷ್ಟೇ ದಿನ ಅಂತ ಇರುತ್ತೆ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ಮೆದುಳಿನ ಆಪರೇಷನ್‌ಗಳನ್ನು ಉಚಿತವಾಗಿ ಮಾಡುತ್ತಾ ಬಂದಿದ್ದಾರೆ. ನಿಮ್ಹಾನ್ಸ್ ಪಕ್ಕದಲ್ಲೇ ಇರುವ ಕಿದ್ವಾಯಿ ಆಸ್ಪತ್ರೆಯಲ್ಲಿ ಮಕ್ಕಳ ಕ್ಯಾನ್ಸರ್‌ಗೇ ವಿಭಾಗವಿದೆ. ನಮ್ಮ ಧರ್ಮಸಭೆಯ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲೂ ಬಡವರಿಗೆ ದಾರಿ ತೋರಿಸುವ ಸಮಾಜ ಕಾರ್ಯಕರ್ತರಿದ್ದಾರೆ. ಯಾರನ್ನೂ ಕೇಳದೆ ಮೈಕ್ರೋ ಫೈನಾನ್ಸ್ ಬಾಗಿಲಿಗೆ ಮಾತ್ರ ಹೋಗಬೇಡಿ. ಅವರ ವಸೂಲಿ ಕಿರುಕುಳ ತಡೆಯಲು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು ಅನ್ನೋದು ನಿಮಗೆ ಗೊತ್ತಿರುವ ವಿಷಯ.

ಕಾರ್ಡು ಆಪರೇಷನ್ ಖರ್ಚು ನೋಡಿಕೊಳ್ಳಬಹುದು. ಬಸ್ ಚಾರ್ಜು, ಊಟ, ಹೋದ ಕೂಲಿ ನೋಡಿಕೊಳ್ಳೋದಿಲ್ಲ. ಗೌರಿಬಿದನೂರಿನಿಂದಲೋ ಚಿಂತಾಮಣಿಯಿಂದಲೋ ಬೆಳಗಿನ ಜಾವ ಹೊರಟು ಬೆಂಗಳೂರು ದಾಟಿ ಹೊಸೂರು ರಸ್ತೆ ಸೇರೋದು, ಚೀಟಿ ಮಾಡಿಸೋದು, ಮತ್ತೆ ವಾಪಸ್ಸು, ಹೀಗೆ ಹತ್ತು ಸಲ ಆದಾಗ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತೆ. ಸಂಘದ ಒಳಸಾಲ ಉಪಯೋಗಕ್ಕೆ ಬರಬೇಕಾದ್ದು ಇಲ್ಲಿ. ದೊಡ್ಡ ಮೊತ್ತ ಬೇಡ, ಓಡಾಟಕ್ಕೆ ಆಗುವಷ್ಟು, ಅರ್ಜಿ ಬಂದ ವಾರದಲ್ಲೇ ಕೊಡಿ. ಮನೆಯಲ್ಲಿ ಉಳಿದ ಮಕ್ಕಳಿಗೆ ಅನ್ನ ಹಾಕಲು, ಹಸು ಕರೆಯಲು ಪಾಳಿ ಹಾಕಿಕೊಳ್ಳಿ. ಡಾಕ್ಟರ ಮುಂದೆ ಗಾಬರಿಯಲ್ಲಿ ಏನೂ ಕೇಳಿಸೋದಿಲ್ಲ, ಅದಕ್ಕೇ ಓದು ಬಲ್ಲ ಒಬ್ಬ ಸದಸ್ಯೆ ಜೊತೆಗೆ ಹೋಗಿ ಬರೆದುಕೊಳ್ಳಲಿ: ಗಡ್ಡೆಯ ಹೆಸರೇನು, ಗಾತ್ರ ಎಷ್ಟು, ಮೊದಲು ಆಪರೇಷನ್ ಬೇಕಾ, ರೇಡಿಯೋ ಸರ್ಜರಿ ಹೇಳುತ್ತಿರೋದು ಯಾಕೆ, ಬೇರೆ ದಾರಿ ಏನಿದೆ, ಕಣ್ಣು ಮತ್ತು ಬೆಳವಣಿಗೆಗೆ ಏನಾಗಬಹುದು, ಮುಂದಿನ ಸ್ಕ್ಯಾನ್ ಯಾವಾಗ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳೋದಕ್ಕೆ ಸಂಕೋಚ ಬೇಡ. ಒಳ್ಳೆಯ ಡಾಕ್ಟರು ಅದಕ್ಕೆ ಸಿಟ್ಟು ಮಾಡಿಕೊಳ್ಳೋದಿಲ್ಲ.

ಇಂಗ್ಲೆಂಡಿನಲ್ಲಿ 2011ರಲ್ಲಿ ಒಂದು ಕೆಲಸ ಮಾಡಿದರು. ಹೆಡ್ ಸ್ಮಾರ್ಟ್ ಅಂತ ಹೆಸರು. ಹೊಸ ಯಂತ್ರವೇನೂ ತರಲಿಲ್ಲ. ಮೊದಲು ನಾವು ಹೇಳಿದೆವಲ್ಲ, ಬೆಳಗಿನ ವಾಂತಿ, ತೂರಾಟ, ಮೆಳ್ಳೆಗಣ್ಣು, ಕತ್ತು ವಾಲಿಸೋದು, ಅವನ್ನೇ ಜೇಬಿನಲ್ಲಿ ಇಡುವಂಥ ಚಿಕ್ಕ ಕಾರ್ಡಿನಲ್ಲಿ ಅಚ್ಚು ಮಾಡಿಸಿ ತಂದೆತಾಯಂದಿರಿಗೆ, ಡಾಕ್ಟರಿಗೆ ಹಂಚಿದರು. ಲಕ್ಷಣ ಶುರುವಾಗಿ ರೋಗ ಗೊತ್ತಾಗುವವರೆಗೆ ಅಲ್ಲಿ ಮೊದಲು ಸಾಮಾನ್ಯವಾಗಿ 14 ವಾರ ಹಿಡಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು 7 ವಾರದೊಳಕ್ಕೆ ಇಳಿಯಿತು. ಗಡ್ಡೆ ಸಣ್ಣದಿದ್ದಾಗಲೇ ಸಿಕ್ಕರೆ ಆಪರೇಷನ್ ಸುಲಭ. ಉಳಿದ ತುಣುಕು ಗಾಮಾ ನೈಫ್‌ನ ಅಳತೆಗೆ ಸಿಗುತ್ತೆ, ಕಣ್ಣು ಉಳಿಯುತ್ತೆ. ಅಂಥ ಕಾರ್ಡು ನಮ್ಮಲ್ಲೂ ಬೇಕು. ಅಲ್ಲಿವರೆಗೆ ಈ ಕರಪತ್ರವನ್ನೇ ಅಂಗನವಾಡಿಯಲ್ಲಿ, ಶಾಲೆಯಲ್ಲಿ, ಡೇರಿಯ ಗೋಡೆಯಲ್ಲಿ ಅಂಟಿಸಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಡಾಕ್ಟರ ತಂಡ ಬರುತ್ತೆ. ನಿಮ್ಮೂರಿಗೆ ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಅನುಮಾನ ಇರುವ ಮಗುವನ್ನು ಅವತ್ತು ಕೂಲಿಗೋ ಹಬ್ಬಕ್ಕೋ ಕಳಿಸದೆ ಶಾಲೆಯಲ್ಲಿ ಇರುವಂತೆ ನೋಡಿಕೊಳ್ಳಿ. ತಂಡ ಬರೋದು ತಿಂಗಳು ದೂರ ಇದ್ದರೆ ಕಾಯಬೇಡಿ, ಮಾರನೇ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಕೊನೆಗೆ ಒಂದು ಸಣ್ಣ ವಿಷಯ, ಆದರೆ ಆಸ್ಪತ್ರೆಗಳಲ್ಲಿ ಎಲ್ಲರೂ ಬೈಸಿಕೊಳ್ಳೋದು ಇದಕ್ಕೇ. ಸ್ಕ್ಯಾನ್ ಫಿಲ್ಮು, ಸಿ.ಡಿ., ಡಿಸ್ಚಾರ್ಜ್ ಚೀಟಿ ಇವನ್ನು ಒಲೆಯ ಹತ್ತಿರ, ರೇಷ್ಮೆಹುಳದ ತಟ್ಟೆಗಳ ಮೇಲೆ ಇಡಬೇಡಿ. ಫಿಲ್ಮನ್ನು ಮಡಚಬೇಡಿ, ಬಿಸಿಗೆ ಹಾಳಾಗುತ್ತೆ. ಹಳೇ ಫಿಲ್ಮು ಇಲ್ಲದಿದ್ದರೆ ಗಡ್ಡೆ ಬೆಳೆದಿದೆಯೋ ಕುಗ್ಗಿದೆಯೋ ಅಂತ ಹೋಲಿಸಿ ನೋಡಲು ಡಾಕ್ಟರಿಗೆ ಆಗೋದಿಲ್ಲ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ನೇರವಾಗಿ ಹಾಕಿ, ಪಡಿತರ ಕಾರ್ಡ್ ಮತ್ತು ಆಧಾರ್ ಪ್ರತಿಯನ್ನೂ ಜೊತೆಗೇ ಇಟ್ಟು, ಬೀರುವಿನ ಹಿಂದೆ ನಿಲ್ಲಿಸಿಡಿ. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ, ಹಿಂದೆ ಕೂತವರು ಮೊದಲು.